ದುಡಿದ ಮೈ, ಸವೆದ ಮೂಳೆ



ತಾಯಿಯ ನೆನಪಿಗಾಗಿ ಈ ದತ್ತಿ ಇಟ್ಟವರು ಹಳ್ಳಿಯ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂದು ಬರೆದಿಟ್ಟಿದ್ದಾರೆ. ಆ ತಾಯಿ ಗದ್ದೆ ಕೆಲಸ ಮಾಡಿಯೇ ಮಕ್ಕಳನ್ನು ಓದಿಸಿದವರು ಎಂದು ಮನೆಯವರು ಹೇಳಿದ ಕೂಡಲೇ ನನ್ನ ವಿಷಯ ನಿಶ್ಚಯವಾಯಿತು. ಹೃದಯದ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ದುಡಿಯುವ ಹೆಂಗಸಿನ ಮೂಳೆಯ ಬಗ್ಗೆ ಹೇಳುವವರು ಕಡಿಮೆ. ಅವಳ ಮೂಳೆ ಗಟ್ಟಿಯಾಗಿಯೇ ಇರುತ್ತದೆ ಎಂದು ನಾವೆಲ್ಲ ನಂಬಿಕೊಂಡುಬಿಟ್ಟಿದ್ದೇವೆ. ಆ ನಂಬಿಕೆಯನ್ನು ಇವತ್ತು ಸ್ವಲ್ಪ ಅಲುಗಾಡಿಸಿ ನೋಡೋಣ.

ಮೊದಲು ದೂರದ ಊರೊಂದಕ್ಕೆ ಹೋಗಬೇಕು. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ತಗ್ಗು ಪ್ರದೇಶದಲ್ಲಿ, ಮನಿಕಿ ಎಂಬ ನದಿಯ ಉದ್ದಕ್ಕೂ, ಕಾಡಿನ ನಡುವೆ ಚಿಮಾನೆ ಎಂಬ ಬುಡಕಟ್ಟಿನ ಜನ ಇದ್ದಾರೆ. ಕಾಡು ಕಡಿದು ಬಾಳೆ, ಮರಗೆಣಸು, ಭತ್ತ, ಮೆಕ್ಕೆಜೋಳ ಬೆಳೆಯುತ್ತಾರೆ. ಮೀನು ಹಿಡಿಯುತ್ತಾರೆ, ಬೇಟೆಯಾಡುತ್ತಾರೆ. ಇವರ ಆರೋಗ್ಯವನ್ನು ಮಾನವಶಾಸ್ತ್ರಜ್ಞರ, ವೈದ್ಯರ ತಂಡವೊಂದು 2002ರಿಂದ ಬಿಡದೆ ಅಧ್ಯಯನ ಮಾಡುತ್ತಿದೆ. 2014 ಮತ್ತು 2015ರಲ್ಲಿ ಈ ತಂಡ 40 ದಾಟಿದ 700ಕ್ಕೂ ಹೆಚ್ಚು ಜನರನ್ನು ಹಳ್ಳಿಗಳಿಂದ ತ್ರಿನಿದಾದ್ ಎಂಬ ಪಟ್ಟಣದ ಆಸ್ಪತ್ರೆಗೆ ಕರೆತಂದು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿತು. 2017ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ನೂರಕ್ಕೆ 85 ಜನರ ಹೃದಯದ ರಕ್ತನಾಳಗಳಲ್ಲಿ ಸುಣ್ಣದಂಶ ಕಟ್ಟಿಕೊಂಡಿರಲೇ ಇಲ್ಲ. ಅಲ್ಲಿಯವರೆಗೆ ಅಳೆದ ಯಾವ ಜನಸಮುದಾಯದಲ್ಲೂ ಅಷ್ಟು ಆರೋಗ್ಯವಂತ ಹೃದಯಗಳು ಕಂಡಿರಲಿಲ್ಲ. ದಿನವಿಡೀ ದುಡಿಮೆ, ಎಣ್ಣೆ ಸಕ್ಕರೆ ಕಡಿಮೆ ಇರುವ ಊಟ, ನೋಡಿ ಇದೇ ದಾರಿ ಎಂದು ಎಲ್ಲರೂ ಹೇಳಿದರು. ಹೃದಯದ ಮಟ್ಟಿಗೆ ಆ ಮಾತು ನಿಜವೇ.

ಎದೆಯ ಸ್ಕ್ಯಾನ್‌ನಲ್ಲಿ ಹೃದಯದ ಜೊತೆಗೆ ಬೆನ್ನುಮೂಳೆಯೂ ಬರುತ್ತದೆ. ಅದೇ ಚಿತ್ರಗಳನ್ನು ಜೊನಾಥನ್ ಸ್ಟೀಗ್ಲಿಟ್ಸ್ ಮತ್ತು ಸಂಗಡಿಗರು ಮತ್ತೆ ತೆಗೆದು, ಈ ಸಲ ಎದೆಯ ಹಿಂದಿನ ಕಶೇರುಗಳನ್ನು, ಅಂದರೆ ಬೆನ್ನುಮೂಳೆಯ ಮಣಿಗಳನ್ನು ನೋಡಿದರು. 2019ರಲ್ಲಿ ಬಂದ ಆ ವರದಿ ಪತ್ರಿಕೆಗಳಲ್ಲಿ ಅಷ್ಟು ಸದ್ದು ಮಾಡಲಿಲ್ಲ. 40 ದಾಟಿದ ಚಿಮಾನೆ ಹೆಂಗಸರಲ್ಲಿ ನೂರಕ್ಕೆ 18 ಜನರ ಕಶೇರುಗಳು ಕುಸಿದಿದ್ದವು. ಗಂಡಸರಲ್ಲಿ ನೂರಕ್ಕೆ 36. ಇವರೊಡನೆ ಹೋಲಿಸಿ ನೋಡಿದ ಅಮೆರಿಕನ್ನರಲ್ಲಿ, ಕಾರಿನಲ್ಲಿ ಓಡಾಡಿಕೊಂಡು ಕುರ್ಚಿಯಲ್ಲಿ ಕೆಲಸ ಮಾಡುವ ಜನರಲ್ಲಿ, ಮುರಿತ ಇದಕ್ಕಿಂತ ಕಡಿಮೆ ಇತ್ತು.

ಇದು ಯಾಕೆ ಬೆಚ್ಚಿಬೀಳಿಸುವ ಸಂಗತಿ ಎಂದು ತಿಳಿಯಬೇಕಾದರೆ, ದುಡಿಮೆ ಮೂಳೆ ಕಟ್ಟುತ್ತದೆ ಎಂಬ ಮಾತಿಗೆ ಎಷ್ಟು ಗಟ್ಟಿ ಆಧಾರವಿದೆ ಎಂಬುದು ಗೊತ್ತಿರಬೇಕು. ಮೂಳೆ ಜೀವ ಇರುವ ವಸ್ತು. ಮೈಯೊಳಗೆ ದಿನವೂ ಒಂದು ಕಡೆ ಕರಗುತ್ತಾ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಯಾವ ಕಡೆ ಭಾರ ಬೀಳುತ್ತದೋ ಆ ಕಡೆ ದಪ್ಪವಾಗುತ್ತದೆ ಎಂದು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದ. ಅಮೆರಿಕದ ಇಲಿನಾಯ್ ಸೀಮೆಯಲ್ಲಿ ಸಿಕ್ಕ ಹಳೆಯ ಅಸ್ಥಿಗಳಲ್ಲಿ, ಸುಮಾರು 7000 ವರ್ಷ ಹಿಂದಿನ ಬೇಟೆಗಾರರ ತೊಡೆಮೂಳೆಯ ತಲೆಭಾಗ ಸುಮಾರು 700 ವರ್ಷ ಹಿಂದಿನ ಬೇಸಾಯಗಾರರದಕ್ಕಿಂತ ದಟ್ಟವಾಗಿತ್ತು. 2017ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಮಧ್ಯ ಯುರೋಪಿನ ಮೊದಲ ಬೇಸಾಯಗಾರ ಹೆಂಗಸರ ತೋಳಿನ ಮೂಳೆಗಳನ್ನು ಇಂದಿನ ಹುಡುಗಿಯರ ತೋಳುಗಳ ಜೊತೆ ಹೋಲಿಸಿದರು. ಸಾಧಾರಣ ವಿದ್ಯಾರ್ಥಿನಿಯರು ಹಾಗಿರಲಿ, ವಿಶ್ವವಿದ್ಯಾಲಯದ ದೋಣಿ ಪಂದ್ಯದ ಹುಡುಗಿಯರಿಗಿಂತಲೂ ಆ ಪುರಾತನ ಹೆಂಗಸರ ತೋಳಿನ ಮೂಳೆ ಶೇ 11ರಿಂದ 16ರಷ್ಟು ಬಲವಾಗಿತ್ತು. ಕಾರಣ ಏನಿರಬಹುದು ಎಂದು ಹುಡುಕಿದವರು ಬಂದು ನಿಂತದ್ದು ಕಾಳು ಅರೆಯುವ ಕಲ್ಲಿನ ಮುಂದೆ. ದಿನಕ್ಕೆ ಗಂಟೆಗಟ್ಟಲೆ ಮಂಡಿಯೂರಿ ಎರಡು ಕೈಯಲ್ಲೂ ಕಲ್ಲು ತಿಕ್ಕಿ ಹಿಟ್ಟು ಮಾಡುವ ಕೆಲಸ. ಬೀಸುವ ಕಲ್ಲು, ಒರಳು, ಒನಕೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಹಿರಿಯರು ಹೇಳುವ ಮಾತಿನಲ್ಲಿ ಸತ್ಯ ಇದೆ. ಆದರೆ ಅದು ಅರ್ಧ. ಇನ್ನರ್ಧ ಎಲ್ಲಿದೆ ಎಂಬುದನ್ನು ಚಿಮಾನೆ ಹೆಂಗಸರ ಬೆನ್ನುಮೂಳೆ ತೋರಿಸಿಕೊಟ್ಟಿತು.

ಆ ಅಧ್ಯಯನದಲ್ಲಿ ಗಂಡಸರ ಮೂಳೆಯ ಸಾಂದ್ರತೆಗೂ ಅಮೆರಿಕದ ಗಂಡಸರ ಮೂಳೆಯ ಸಾಂದ್ರತೆಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೆಂಗಸರದು ಮಾತ್ರ ಕಡಿಮೆ. ಇಬ್ಬರೂ ತಿನ್ನುವುದು ಒಂದೇ ಮನೆಯ ಊಟ, ಬದುಕುವುದು ಒಂದೇ ಕಾಡಿನಲ್ಲಿ. ಹಾಗಾದರೆ ಹೆಂಗಸಿನ ಮೂಳೆಯಿಂದ ಏನು ಹೋಯಿತು? ಚಿಮಾನೆ ಹೆಂಗಸು ಸರಾಸರಿ 9 ಮಕ್ಕಳನ್ನು ಹೆರುತ್ತಾಳೆ. ಯಾರು ಚಿಕ್ಕ ವಯಸ್ಸಿಗೇ ಮೊದಲ ಮಗು ಹೆತ್ತಿದ್ದರೋ, ಯಾರ ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಅಂತರ ಕಡಿಮೆ ಇತ್ತೋ, ಅವರ ಕಶೇರುಗಳೇ ಹೆಚ್ಚು ಸವೆದಿದ್ದವು. ಇದೇ ತಂಡ 2015ರಲ್ಲಿ ಹಿಮ್ಮಡಿಯ ಮೂಳೆಯನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಅಳೆದಾಗಲೂ ಕಂಡದ್ದು ಇದನ್ನೇ. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತದೆ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಇಲ್ಲಿ ಸವೆತ ಅದಕ್ಕೆ ಎಷ್ಟೋ ವರ್ಷ ಮೊದಲೇ, ಹೆರುವ ವಯಸ್ಸಿನಲ್ಲೇ ಶುರುವಾಗಿತ್ತು.

ಇದರ ಲೆಕ್ಕ ಅರ್ಥವಾಗದಂಥದ್ದಲ್ಲ. ನಮ್ಮ ಮೈಯಲ್ಲಿರುವ ಸುಮಾರು ಒಂದು ಕಿಲೋ ಕ್ಯಾಲ್ಸಿಯಂನಲ್ಲಿ ಶೇ 99 ಮೂಳೆ ಹಲ್ಲುಗಳಲ್ಲೇ ಇದೆ. ಹೊಟ್ಟೆಯಲ್ಲಿ ಬೆಳೆಯುವ ಮಗು ತಾಯಿಯಿಂದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಪಡೆದುಕೊಳ್ಳುತ್ತದೆ, ಅದರ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಹೆರಿಗೆಯಾದ ಮೇಲೆ ಮೊಲೆಹಾಲಿನಲ್ಲಿ ದಿನಕ್ಕೆ 200 ಮಿಲಿಗ್ರಾಂ ಆಸುಪಾಸು ಹೋಗುತ್ತದೆ. ಹಾಲೂಡಿಸುವ ತಿಂಗಳುಗಳಲ್ಲಿ ತಾಯಿಯ ಬೆನ್ನುಮೂಳೆ, ಸೊಂಟದ ಮೂಳೆ ಸವೆಯುವುದು ಸಹಜ. ಮಗು ಮೊಲೆ ಬಿಟ್ಟು, ಮುಟ್ಟು ಮರಳಿದ ಮೇಲೆ ಅದು ಬಹಳ ಮಟ್ಟಿಗೆ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಲು ಸಮಯ ಬೇಕು, ಊಟ ಬೇಕು. ಸಮಯ ಕೊಡದೆ ಮತ್ತೆ ಬಸಿರಾದರೆ, ಅಥವಾ ತಾಯಿಯೇ ಇನ್ನೂ ಬೆಳೆಯುವ ಹುಡುಗಿಯಾಗಿದ್ದರೆ, ಸಾಲದ ಮೇಲೆ ಸಾಲ. ಹೆರಿಗೆಗಳ ಸಂಖ್ಯೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದೂ ಹೇಳಲಾಗದು. ದಕ್ಷಿಣ ಆಫ್ರಿಕಾದಲ್ಲಿ ಅಲೆಕ್ಸಾಂಡರ್ ವಾಕರ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಮಕ್ಕಳನ್ನು ಹೆತ್ತು ಹಾಲೂಡಿಸಿದ ಬಂಟು ತಾಯಂದಿರ ಮೂಳೆಗೆ ಅದರಿಂದ ಹಾನಿಯಾದ ಲಕ್ಷಣ ಕಂಡಿರಲಿಲ್ಲ. ಆದ್ದರಿಂದ ಎಷ್ಟು ಹೆತ್ತಳು ಎಂಬುದಕ್ಕಿಂತ ಯಾವ ವಯಸ್ಸಿಗೆ ಹೆತ್ತಳು, ನಡುವೆ ಮೈಗೆ ಎಷ್ಟು ಬಿಡುವು ಸಿಕ್ಕಿತು ಎಂದು ಕೇಳುವುದು ಸರಿ ಎಂದು ನನಗನ್ನಿಸುತ್ತದೆ.

ಗಂಡಸರ ವಿಚಾರಕ್ಕೆ ಬರುತ್ತೇನೆ. ಚಿಮಾನೆ ಗಂಡಸರ ಮೂಳೆ ಸಾಂದ್ರವಾಗಿಯೇ ಇತ್ತು, ಆದರೂ ಮೂವರಲ್ಲಿ ಒಬ್ಬನಿಗಿಂತ ಹೆಚ್ಚು ಜನರ ಕಶೇರು ಕುಸಿದಿತ್ತು. ಅವರ ಮುರಿತಕ್ಕೂ ಸಾಂದ್ರತೆಗೂ ಸಂಬಂಧ ಕಾಣಲಿಲ್ಲ. ಹಾಗೆಂದರೆ ಗಟ್ಟಿ ಮೂಳೆಯೂ ಹೊರಲಾರದಷ್ಟು ಭಾರ ಇದೆ. ನಮ್ಮ ಮಂಡಿಗಳಲ್ಲಿ ಬೆನ್ನ ಮೇಲೆ ಮೂಟೆ ಹೊರುವ ಹಮಾಲರನ್ನು, ಇಟ್ಟಿಗೆ ಗೂಡಿನಲ್ಲಿ ತಲೆಯ ಮೇಲೆ ಸಾಲು ಸಾಲು ಇಟ್ಟಿಗೆ ಹೊರುವ ಹೆಂಗಸರನ್ನು ನೋಡುವಾಗ ನನಗೆ ಈ ಅಂಕಿ ನೆನಪಾಗುತ್ತದೆ.

ಬೆನ್ನುಮೂಳೆಯ ಮುರಿತ ಸದ್ದಿಲ್ಲದೆ ಆಗುವಂಥದ್ದು. ಮಂಡ್ಯ ಕಡೆಯ ಒಬ್ಬ ಅಜ್ಜಿ ಕೆಮ್ಮಿಗೆಂದು ನನ್ನ ಹತ್ತಿರ ಬಂದಿದ್ದರು. ಎದೆಯ ಎಕ್ಸ್‌ರೇ ತೆಗೆಸಿದರೆ ಬೆನ್ನಿನ ಎರಡು ಕಶೇರು ಮುಂದಕ್ಕೆ ಜಜ್ಜಿಹೋಗಿವೆ. "ಯಾವಾಗಾದ್ರೂ ಬಿದ್ದಿದ್ರಾ ಅಜ್ಜಿ?" ಎಂದು ಕೇಳಿದೆ. "ಬೀಳೋದೆಂಥದ್ದು ಕಣವ್ವ. ಹುಲ್ಲು ಹೊರೆ ಎತ್ವಾಗ ಬೆನ್ನಾಗೆ ಚಳಕ್ ಅಂತು. ನಾಕು ದಿನ ಮನಗಿದ್ದೆ, ಆಮೇಲೆ ಕಳೆ ಕೀಳಕ್ಕೆ ಹೋದೆ" ಎಂದರು. ಸ್ವಲ್ಪ ತಡೆದು, "ಈಗೀಗ ಉಟ್ಟ ಸೀರೆ ನೆಲ ಗುಡಿಸ್ತದೆ. ಸೀರೆ ಅದೇಯ, ನಾನೇ ಕುಗ್ಗೋಗಿವ್ನಿ" ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಬೆನ್ನುಮೂಳೆ ಕುಸಿತವನ್ನು ವರ್ಣಿಸಿಲ್ಲ. ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು: ಗೂನು ಬೆನ್ನನ್ನು ಮುಪ್ಪಿನ ಲಕ್ಷಣ ಎಂದು ಬಿಟ್ಟುಬಿಡಬೇಡಿ. ಎತ್ತರ ಅಳೆಯಿರಿ, ಸೀರೆಯ ಬಗ್ಗೆ ಕೇಳಿ.

ಈಗ ಮೂಳೆಯ ಅಳತೆಯ ವಿಚಾರ. ಡೆಕ್ಸಾ ಯಂತ್ರದಲ್ಲಿ ಮಲಗಿಸಿ ಟಿ-ಸ್ಕೋರ್ ಎಂಬ ಅಂಕಿ ಕೊಡುತ್ತಾರೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ, ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಂಡ 1994ರಲ್ಲಿ ಗೆರೆ ಎಳೆಯಿತು. ಯಾರ ಮೂಳೆಗೆ ಹೋಲಿಸಿ? ಆರೋಗ್ಯವಂತ ಬಿಳಿಯ ಯುವತಿಯರ ಮೂಳೆಗೆ. ಅಷ್ಟೇ ಆಗಿದ್ದರೆ ಸರಿಪಡಿಸಬಹುದಿತ್ತು. ಈ ಯಂತ್ರ ಮೂಳೆಯ ಗಾತ್ರವನ್ನು ಪೂರ್ತಿ ನೋಡುವುದಿಲ್ಲ; ಒಂದು ಬದಿಯಿಂದ ಕಿರಣ ಹಾಯಿಸಿ, ಚದರ ಸೆಂಟಿಮೀಟರಿಗೆ ಎಷ್ಟು ಖನಿಜ ಎಂದು ಹೇಳುತ್ತದೆ. ಬಣವೆಯ ನೆರಳನ್ನು ಅಳೆದು ಅದರಲ್ಲಿ ಎಷ್ಟು ಹುಲ್ಲಿದೆ ಎಂದು ಹೇಳಿದ ಹಾಗೆ. ಚಿಕ್ಕ ಮೂಳೆ ತನ್ನ ಗಾತ್ರಕ್ಕೆ ತಕ್ಕಷ್ಟು ದಟ್ಟವಾಗಿಯೇ ಇದ್ದರೂ ಈ ಲೆಕ್ಕದಲ್ಲಿ ಕಡಿಮೆ ಅಂಕ ಪಡೆಯುತ್ತದೆ. ಐದಡಿಗಿಂತ ಕಡಿಮೆ ಎತ್ತರದ, ಸಣ್ಣ ಮೈಕಟ್ಟಿನ ನಮ್ಮ ಹೆಂಗಸರಿಗೆ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಪಟ್ಟಣದ ಶಿಬಿರಗಳಲ್ಲಿ ಹಿಮ್ಮಡಿ ಅಳೆದು, ಕೆಂಪು ಶಾಯಿಯಲ್ಲಿ ಅಂಕಿ ಬರೆದುಕೊಟ್ಟು, ಬಾಟಲಿಗಟ್ಟಲೆ ಮಾತ್ರೆ ಮಾರುವುದನ್ನು ನಾನು ಒಪ್ಪದಿರುವುದಕ್ಕೆ ಅಂಕಿಯೊಂದನ್ನೇ ನಂಬಲಾಗದು ಎಂಬುದೇ ಕಾರಣ.

ಅಂಕಿಯೇ ಮುರಿತವಲ್ಲ ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದ ಕೆನೆಬಾ ಹಳ್ಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1949ರಿಂದಲೂ ಅಲ್ಲಿ ಜನರ ಆರೋಗ್ಯವನ್ನು ಗಮನಿಸುತ್ತಾ ಬಂದಿದೆ. ಅಲ್ಲಿಯ ಹೆಂಗಸರು ನೆಲಗಡಲೆ, ಭತ್ತ ಬೆಳೆಯುತ್ತಾರೆ. ದಿನಕ್ಕೆ ಅವರಿಗೆ ದಕ್ಕುವ ಕ್ಯಾಲ್ಸಿಯಂ 300ರಿಂದ 400 ಮಿಲಿಗ್ರಾಂ ಮಾತ್ರ. ಆ್ಯನ್ ಪ್ರೆಂಟಿಸ್ ಅವರ ತಂಡ 1996ರಲ್ಲಿ ಪ್ರಕಟಿಸಿದ ಪ್ರಕಾರ, ವಯಸ್ಸಾದ ಗ್ಯಾಂಬಿಯಾ ಹೆಂಗಸರ ಮೂಳೆಯ ಖನಿಜಾಂಶ ಇಂಗ್ಲೆಂಡಿನ ಹೆಂಗಸರದಕ್ಕಿಂತ ಕಡಿಮೆ, ಆದರೆ ಸೊಂಟ ಮುರಿದುಕೊಳ್ಳುವವರು ಅಪರೂಪ. ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಹಾಲು ಚೀಸ್ ಧಾರಾಳ, ಸೊಂಟ ಮುರಿತವೂ ಜಗತ್ತಿನಲ್ಲೇ ಅತಿ ಹೆಚ್ಚು. ಬಲವಾದ ಮಾಂಸಖಂಡ, ನೆಲದ ಮೇಲೆ ಕೂತೆದ್ದು ಮಾಡುವ ರೂಢಿ, ಬೀಳದ ಹಾಗೆ ತೂಗಿಕೊಂಡು ನಡೆಯುವ ಶಕ್ತಿ, ಇವೆಲ್ಲ ಮೂಳೆಯನ್ನು ಕಾಯುತ್ತವೆ ಎಂದು ನನ್ನ ಎಣಿಕೆ.

ಆದರೆ ಮುರಿತ ಅಪರೂಪ ಎಂಬ ವರದಿಗಳನ್ನು ಓದುವಾಗ ಇನ್ನೊಂದು ಎಚ್ಚರಿಕೆಯೂ ಬೇಕು. ಆಸ್ಪತ್ರೆಯ ದಾಖಲೆಯಲ್ಲಿ ಬರುವವರು ಆಸ್ಪತ್ರೆಗೆ ಬಂದವರು ಮಾತ್ರ. ನಮ್ಮಲ್ಲೇ ಎಷ್ಟು ಜನ ಮೊದಲು ಮೂಳೆ ಕಟ್ಟಿಸಲು ಪುತ್ತೂರು ಕಟ್ಟಿಗೆ, ನಾಟಿ ವೈದ್ಯರ ಹತ್ತಿರ ಹೋಗುವುದಿಲ್ಲ? ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ "ಬಾಲ್ ಮುರೀತು" ಎಂದು ಗೊತ್ತಾದ ಮೇಲೂ, ಈ ವಯಸ್ಸಿಗೆ ಆಪರೇಷನ್ ಯಾಕೆ ಎಂದು ಮನೆಯಲ್ಲೇ ಹಾಸಿಗೆಯ ಮೇಲೆ ಮಲಗಿಸುವವರು ಎಷ್ಟು ಜನ? ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಆಸ್ಪತ್ರೆಗಳನ್ನೆಲ್ಲ ಸುತ್ತಿ ಲೆಕ್ಕ ಹಾಕಿದ ಅಧ್ಯಯನವೊಂದು 2013ರಲ್ಲಿ ಬಂತು. 50 ದಾಟಿದ 1 ಲಕ್ಷ ಜನರಲ್ಲಿ ವರ್ಷಕ್ಕೆ 129 ಸೊಂಟ ಮುರಿತ. ಹೆಂಗಸರಲ್ಲಿ 159, ಗಂಡಸರಲ್ಲಿ 105. ಯುರೋಪಿಗಿಂತ ಕಡಿಮೆ, ಆದರೆ ಅಪರೂಪ ಎನ್ನುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ 70, 80 ದಾಟುವವರು ಹೆಚ್ಚುತ್ತಿದ್ದಾರೆ. ಅವರು ಬೆಳೆದದ್ದು ಹೊಟ್ಟೆಗೆ ಸಾಲದಿದ್ದ ಕಾಲದಲ್ಲಿ.

ಸಾಂದ್ರತೆ ಹೆಚ್ಚಿದ್ದೂ ಮೂಳೆ ಕೆಟ್ಟಿರಬಹುದು. ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯವರಿಗೆ ಇದು ಗೊತ್ತು. ಕೊಳವೆಬಾವಿಯ ನೀರಿನ ಫ್ಲೋರೈಡ್ ಮೂಳೆಗೆ ಸೇರಿ ಅದನ್ನು ಭಾರವಾಗಿಸುತ್ತದೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಹೊಳೆಯುವ ಹಾಗೆ ಮಾಡುತ್ತದೆ. ಮೈಯನ್ನು ಬಾಗಿಸಿ ಕೀಲು ಬಿಗಿಯುತ್ತದೆ. ಒಂದು ಕಾಲದಲ್ಲಿ ಇದೇ ಫ್ಲೋರೈಡನ್ನು ಮೂಳೆ ಸವೆತಕ್ಕೆ ಔಷಧಿಯಾಗಿ ಕೊಟ್ಟು ನೋಡಿದ್ದರು. ಅಮೆರಿಕದಲ್ಲಿ 202 ಹೆಂಗಸರ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ವರ್ಷದಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತು. ಕಶೇರುಗಳ ಮುರಿತ ಗಣನೀಯವಾಗಿ ಇಳಿಯಲಿಲ್ಲ, ಬೇರೆ ಮೂಳೆಗಳ ಮುರಿತ ಹೆಚ್ಚಾಯಿತು.

ಮತ್ತೆ ಕೆನೆಬಾಕ್ಕೆ ಹೋಗೋಣ. ಕ್ಯಾಲ್ಸಿಯಂ ಕಡಿಮೆ ಇರುವ ಬಸುರಿಯರಿಗೆ ಕ್ಯಾಲ್ಸಿಯಂ ಕೊಟ್ಟರೆ ಮೂಳೆ ಗಟ್ಟಿಯಾಗಬೇಕಲ್ಲವೆ? ಲ್ಯಾಂಡಿಂಗ್ ಜಾರ್ಜು ಮತ್ತು ಪ್ರೆಂಟಿಸ್ ಬಸಿರಿನ 20ನೇ ವಾರದಿಂದ ಹೆರಿಗೆಯವರೆಗೆ ದಿನಕ್ಕೆ 1500 ಮಿಲಿಗ್ರಾಂ ಕೊಟ್ಟು ನೋಡಿದರು. ಮಗುವಿನ ತೂಕ ಹೆಚ್ಚಲಿಲ್ಲ, ಮೊಲೆಹಾಲಿನ ಕ್ಯಾಲ್ಸಿಯಂ ಹೆಚ್ಚಲಿಲ್ಲ. ಮಾತ್ರೆ ತೆಗೆದುಕೊಂಡ ತಾಯಂದಿರ ಸೊಂಟದ ಮೂಳೆ, ಹಾಲೂಡಿಸುವ ವರ್ಷದಲ್ಲಿ, ಮಾತ್ರೆ ತೆಗೆದುಕೊಳ್ಳದವರಿಗಿಂತ ಹೆಚ್ಚು ಸವೆಯಿತು. ಕಡಿಮೆಯಲ್ಲೇ ಬದುಕಲು ಕಲಿತ ಮೈ ಕರುಳಿನಲ್ಲಿ ಹೆಚ್ಚು ಹೀರಿಕೊಂಡು, ಮೂತ್ರದಲ್ಲಿ ಕಡಿಮೆ ಬಿಟ್ಟು ಹೊಂದಿಕೊಂಡಿರುತ್ತದೆ. ನಡುವೆ ಕೆಲವು ತಿಂಗಳು ಧಾರಾಳವಾಗಿ ಕೊಟ್ಟು ಆಮೇಲೆ ನಿಲ್ಲಿಸಿದರೆ ಆ ಹೊಂದಾಣಿಕೆಯೇ ಕೆಡುತ್ತದೆ ಎಂಬುದು ಅವರು ಕೊಟ್ಟ ವಿವರಣೆ.

ಇದನ್ನು ಕೇಳಿ ಆಶಾ ಕಾರ್ಯಕರ್ತೆಯರು ನಾಳೆಯಿಂದ ಕ್ಯಾಲ್ಸಿಯಂ ಮಾತ್ರೆ ಹಂಚುವುದನ್ನು ನಿಲ್ಲಿಸಬಾರದು. ಕ್ಯಾಲ್ಸಿಯಂ ಕಡಿಮೆ ತಿನ್ನುವ ಬಸುರಿಯರಿಗೆ ಮಾತ್ರೆ ಕೊಡುವ ಮುಖ್ಯ ಉದ್ದೇಶ ರಕ್ತದೊತ್ತಡ ಏರಿ ನಂಜಾಗುವುದನ್ನು ತಡೆಯುವುದು. ಆ ಕೆಲಸವನ್ನು ಅದು ಮಾಡುತ್ತದೆ. ಎಷ್ಟು ಕೊಡಬೇಕು ಎಂಬುದಕ್ಕೆ ನಮ್ಮ ಬೆಂಗಳೂರಿನಿಂದಲೇ ಉತ್ತರ ಬಂದಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನಲ್ಲಿ 11 ಸಾವಿರ ಬಸುರಿಯರ ಮೇಲೆ, ಅವರ ಸಂಗಡಿಗರು ತಾಂಜಾನಿಯಾದಲ್ಲಿ ಇನ್ನು 11 ಸಾವಿರ ಜನರ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ದಿನಕ್ಕೆ 500 ಮಿಲಿಗ್ರಾಂ ಪಡೆದವರಲ್ಲಿ ಶೇ 3.0 ಜನರಿಗೆ, 1500 ಪಡೆದವರಲ್ಲಿ ಶೇ 3.6 ಜನರಿಗೆ ಆ ತೊಂದರೆಯಾಯಿತು. ಅಂದರೆ 500 ಸಾಕು. ಕೆನೆಬಾದ ಅನುಭವವನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಇದು ಬಹಳ ಸಮಾಧಾನ ಕೊಟ್ಟ ಸುದ್ದಿ. ಒಂದು ಮಾತನ್ನು ಮಾತ್ರ ಮನೆಮನೆಯಲ್ಲೂ ಹೇಳಿ: ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಒಂದು ಬೆಳಿಗ್ಗೆ, ಒಂದು ರಾತ್ರಿ.

ನಮ್ಮ ದೇಶದ ದುಡಿಯುವ ಹೆಂಗಸಿನ ಮೂಳೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ವೀಣಾ ಶತ್ರುಘ್ನ ಒಬ್ಬರು. ಅವರ ತಂಡ 30ರಿಂದ 60 ವಯಸ್ಸಿನ 289 ಬಡ ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿತು. ದಿನಕ್ಕೆ ಸರಾಸರಿ 270 ಮಿಲಿಗ್ರಾಂ ಕ್ಯಾಲ್ಸಿಯಂ. ತೊಡೆಮೂಳೆಯ ಕತ್ತಿನಲ್ಲಿ ಆಸ್ಟಿಯೊಪೊರೋಸಿಸ್ ಇದ್ದವರು ಶೇ 29. ಇವರು ಪಟ್ಟಣದ ಬಡವರು, ಮೈಮುರಿದು ದುಡಿಯುವವರು. ಡೆಕ್ಸಾ ಯಂತ್ರದ ಬಗ್ಗೆ ನಾನು ಆಗಲೇ ಹೇಳಿದ ನೆರಳಿನ ದೋಷವನ್ನು ಕಳೆದರೂ ಈ ಅಂಕಿ ಹಗುರವಾಗುವುದಿಲ್ಲ. ಅದೇ ಹೈದರಾಬಾದಿನ ಸುತ್ತಿನ ಹಳ್ಳಿಗಳಲ್ಲಿ, 1987ರಿಂದ 1990ರ ನಡುವೆ ಬಸುರಿಯರಿಗೂ ಮಕ್ಕಳಿಗೂ ಪೂರಕ ಆಹಾರ ಕೊಟ್ಟ ಯೋಜನೆಯ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರ ಮೂಳೆ ಅಳೆದರು. ಮೂಳೆಗೆ ಅತಿ ಹತ್ತಿರದ ನಂಟು ಕಂಡದ್ದು ಮೈಯ ಮಾಂಸಖಂಡಕ್ಕೆ. ಸ್ನಾಯು ಇದ್ದವರಿಗೆ ಮೂಳೆ ಇತ್ತು. ಬರೀ ಅನ್ನ ತಿಳಿಸಾರು ಉಂಡು ಕೂಲಿಗೆ ಹೋದರೆ ಮೈ ಸವೆಯುತ್ತದೆ, ಸ್ನಾಯು ಬೆಳೆಯುವುದಿಲ್ಲ. ನನ್ನ ಇವತ್ತಿನ ಮಾತೆಲ್ಲ ಇಷ್ಟೇ: ದುಡಿಮೆ ಮೂಳೆ ಕಟ್ಟಬೇಕಾದರೆ ತಟ್ಟೆಯಲ್ಲಿ ಅದಕ್ಕೆ ಬೇಕಾದ್ದು ಇರಬೇಕು, ದುಡಿದ ಮೈಗೆ ಬಿಡುವು ಇರಬೇಕು.

ತಟ್ಟೆಯ ವಿಷಯದಲ್ಲಿ ಹಳೆ ಮೈಸೂರು ಸೀಮೆಯ ಹಳ್ಳಿಗರಿಗೆ ಒಂದು ಭಾಗ್ಯ ಇತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ 10 ಕೂಡ ಇಲ್ಲ, ಜೋಳದಲ್ಲಿ 30ರೊಳಗೆ. ಎರಡು ಹೊತ್ತು ಮುದ್ದೆ ಉಣ್ಣುವವರು ದಿನಕ್ಕೆ 300 ಗ್ರಾಂ ರಾಗಿ ತಿಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದ 1000 ಮಿಲಿಗ್ರಾಂ ಅದರಲ್ಲೇ ಮುಗಿಯಿತು. ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಅದರಲ್ಲೊಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಮೊಳಕೆ ಕಟ್ಟಿದರೆ, ಹುದುಗು ಬರಿಸಿದರೆ ಅದು ತಗ್ಗುತ್ತದೆ. ಮಗುವಿಗೆ ರಾಗಿ ಮೊಳಕೆ ಕಟ್ಟಿ ಸರಿ ಮಾಡುತ್ತಿದ್ದ ಅಜ್ಜಿಯರು ತಿಳಿದೇ ಮಾಡುತ್ತಿದ್ದರು. ಮೆಕ್ಸಿಕೋದ ಮಾಯಾ ಜನ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರೊಟ್ಟಿ ತಟ್ಟುತ್ತಾರೆ. ಅವರಿಗೆ ಕ್ಯಾಲ್ಸಿಯಂ ಹಾಗೆ ದಕ್ಕುತ್ತದೆ. ನಮ್ಮಲ್ಲಿ ಪಡಿತರದ ಅಕ್ಕಿ ಬಂದು ಹಸಿವು ನೀಗಿತು, ಅದನ್ನು ನಾನು ಎಂದೂ ಹಗುರವಾಗಿ ಕಾಣುವವಳಲ್ಲ. ಆದರೆ ಮುದ್ದೆ ಇದ್ದ ತಟ್ಟೆಗೆ ಅನ್ನ ಬಂದಾಗ ಮೂಳೆಗೆ ಆದ ನಷ್ಟವನ್ನು ಹಾಲೋ ಸೊಪ್ಪೋ ಮೊಟ್ಟೆಯೋ ತುಂಬಿಕೊಡಬೇಕಿತ್ತು. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲು ಒಂದು ಮಗುವಿಗೆ 180 ಮಿಲಿಗ್ರಾಂನಷ್ಟು ಕೊಡುತ್ತದೆ. ಪಡಿತರದಲ್ಲಿ ರಾಗಿ, ಶಾಲೆಯಲ್ಲಿ ರಾಗಿ ಮಾಲ್ಟ್ ಬಂದದ್ದು ಸರಿಯಾದ ಹೆಜ್ಜೆ. ಊರಲ್ಲಿ ಹಾಲು ಕರೆದು ಅಷ್ಟನ್ನೂ ಡೇರಿಗೆ ಹಾಕಿ ಮನೆಯವರು ಕಪ್ಪು ಟೀ ಕುಡಿಯುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಬಿಸಿಲಿನ ಬಗ್ಗೆ ಎರಡೇ ಮಾತು. ತಾಂಜಾನಿಯಾದ ಮಸಾಯಿ, ಹಡ್ಜಾ ಜನರಲ್ಲಿ, ಬಿಸಿಲಿನಿಂದ ಮೈಗೆ ಸಿಗುವ ವಿಟಮಿನ್ ಡಿ ಸರಾಸರಿ ಲೀಟರಿಗೆ 115 ನ್ಯಾನೊಮೋಲ್ ಎಂದು 2012ರಲ್ಲಿ ಅಳೆದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಬಸುರಿಯರಲ್ಲಿ ಶೇ 66 ಜನರದು 50ಕ್ಕಿಂತ ಕೆಳಗಿತ್ತು. ತಿರುಪತಿ ಸುತ್ತ ನಡೆದ ಅಧ್ಯಯನದಲ್ಲಿ ಹಳ್ಳಿಯವರದು ಪಟ್ಟಣದವರಿಗಿಂತ ಚೆನ್ನಾಗಿತ್ತು, ಆದರೂ ಸಾಕಷ್ಟಿರಲಿಲ್ಲ. ಬಿಸಿಲ ನಾಡಿನಲ್ಲಿದ್ದೇವೆ ಎಂದ ಮಾತ್ರಕ್ಕೆ ಬಿಸಿಲು ಮೈಗೆ ತಾಗುತ್ತಿದೆ ಎಂದಲ್ಲ.

ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಈಗ ಬರುತ್ತೇನೆ. ಚಿಮಾನೆ ಹೆಂಗಸರ ಹಾಗೆ ನಮ್ಮ ಹೆಂಗಸರು ಈಗ 9 ಮಕ್ಕಳನ್ನು ಹೆರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಆ ಒಂದು ಭಾರ ಇಳಿಯಿತು. ಆದರೆ ಅದೇ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 21.3 ಜನರ ಮದುವೆ 18 ತುಂಬುವ ಮೊದಲೇ ಆಗಿತ್ತು. ಹುಡುಗಿಯ ಮೂಳೆ ಕಟ್ಟಿಕೊಳ್ಳುವ ಮುಖ್ಯ ಕಾಲವೇ ಆ ಹರೆಯ. ಆಗ ಬಸಿರಾದರೆ ತನ್ನ ಮೈಯನ್ನೂ ಮಗುವಿನ ಮೈಯನ್ನೂ ಒಂದೇ ತಟ್ಟೆಯಿಂದ ಕಟ್ಟಬೇಕು. 22, 23ಕ್ಕೆ ಸಂತಾನಹರಣ ಚಿಕಿತ್ಸೆ. 30 ದಾಟುತ್ತಿದ್ದಂತೆ ಬಿಳಿ ಸೆರಗು, ಹೊಟ್ಟೆನೋವು, ಹೆಚ್ಚು ಸ್ರಾವ ಎಂದು ಹೋದರೆ, "ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂಬ ಸಲಹೆ.

2015–16ರ ಸಮೀಕ್ಷೆಯಲ್ಲಿ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3.2 ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಪಕ್ಕದ ಆಂಧ್ರದಲ್ಲಿ ಇದು ಶೇ 8.9, ತೆಲಂಗಾಣದಲ್ಲಿ 7.7. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82 ಸಾವಿರ ಹೆಂಗಸರನ್ನು 2019ರಲ್ಲಿ ಕೇಳಿದಾಗ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಕೋಶ ಇರಲಿಲ್ಲ. ಮುಟ್ಟಿನ ದಿನ ಕೆಲಸ ತಪ್ಪಿದರೆ ಮೇಸ್ತ್ರಿ ದಂಡ ಹಾಕುತ್ತಾನೆ ಎಂಬುದೂ ಅಲ್ಲಿ ಒಂದು ಕಾರಣವಾಗಿತ್ತು. ನಮ್ಮ ಕಲಬುರಗಿಯ ತಾಂಡಾಗಳಲ್ಲೂ 2015ರ ಸುಮಾರಿಗೆ ಇದು ದೊಡ್ಡ ಸುದ್ದಿಯಾಗಿ ಸರ್ಕಾರ ತನಿಖೆ ಮಾಡಿಸಿತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೂಳೆ ಕಾಯುವ ಈಸ್ಟ್ರೋಜನ್ ಒಂದೇ ದಿನದಲ್ಲಿ ಇಳಿದುಹೋಗುತ್ತದೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲ ಕೆಲವು ವರ್ಷ ಮುಂಚೆಯೇ ಬರುವ ಸಾಧ್ಯತೆ ಹೆಚ್ಚು. 34ನೇ ವಯಸ್ಸಿಗೆ ಹೀಗಾದ ಹೆಂಗಸು 40 ದಾಟುವ ಹೊತ್ತಿಗೆ ಅವಳ ಬೆನ್ನುಮೂಳೆ ಮುದುಕಿಯದಾಗಿರುತ್ತದೆ, ಹೊರುವ ಹೊರೆ ಮಾತ್ರ 34ರಲ್ಲಿ ಇದ್ದದ್ದೇ. ಅವಳು ಯಾವ ಪಟ್ಟಿಯಲ್ಲೂ ಇಲ್ಲ. ಅವಳಿಗೆ ಮೂಳೆಯ ಬಗ್ಗೆ ಯಾರೂ ಒಂದು ಮಾತು ಹೇಳಿರುವುದಿಲ್ಲ.

ಇಲ್ಲಿ ಕುಳಿತಿರುವವರಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಡೆಕ್ಸಾ ಯಂತ್ರ ತಾಲ್ಲೂಕಿಗೊಂದು ಬೇಕು ಎಂದು ನಾನು ಕೇಳುವುದಿಲ್ಲ. ಸೊಂಟ ಮುರಿದು ಬಂದ ಪ್ರತಿಯೊಬ್ಬರಿಗೂ ಮೂಳೆ ಜೋಡಿಸಿ ಕಳಿಸುವುದರ ಜೊತೆಗೆ ಮುಂದಿನ ಮುರಿತ ತಡೆಯುವ ಔಷಧಿಯನ್ನು ಅಲ್ಲೇ ಶುರು ಮಾಡಬೇಕು. ವರ್ಷಕ್ಕೊಮ್ಮೆ ಕೊಡುವ ಚುಚ್ಚುಮದ್ದು ಇದೆ, ಅದು ಜಿಲ್ಲಾ ಆಸ್ಪತ್ರೆಯ ಔಷಧಿ ಪಟ್ಟಿಯಲ್ಲಿರಬೇಕು. ಅಂಗನವಾಡಿಯ ಮಾತೃಪೂರ್ಣ ಯೋಜನೆಯ ಊಟಕ್ಕೆ ಬರಲಾಗದೆ ಕೂಲಿಗೆ ಹೋದ ಬಸುರಿಯ ಪಾಲು ಅವಳ ಮನೆಗೆ ತಲುಪಬೇಕು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯ ಪುಸ್ತಕದಲ್ಲಿ ಗರ್ಭಕೋಶ ತೆಗೆಸಿದವರ ಹೆಸರಿನ ಮುಂದೆ ವಯಸ್ಸು ಬರೆದುಕೊಳ್ಳಿ. 45ರೊಳಗಿದ್ದರೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಒಮ್ಮೆ ತೋರಿಸಿ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಬಿಡುಗಡೆ ಚೀಟಿಯಲ್ಲಿ ಅಂಡಾಶಯ ತೆಗೆದಿದ್ದೇವೋ ಉಳಿಸಿದ್ದೇವೋ ಎಂಬುದನ್ನು ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಬರೆಯಬೇಕು. ಬರೆಯದೆ ಕೊಟ್ಟರೆ, ಆ ಚೀಟಿಯನ್ನು ಅಲ್ಲೇ ವಾಪಸು ಕೊಟ್ಟು ಬರೆಸಿಕೊಂಡು ಬನ್ನಿ ಎಂದು ನಿಮ್ಮ ಅಕ್ಕತಂಗಿಯರಿಗೆ ಹೇಳಿ.